ಬಾಗಿಲ ಕೊಡ

“ಬುದ್ಧೀ, ಬೆನ್ನು ಮುರಿದು ದುಡಿಯುವವನು ಒಬ್ಬ, ಬೆನ್ನು ತಟ್ಟಿಸಿಕೊಳ್ಳುವವನು ಇನ್ನೊಬ್ಬ. ಇದನ್ನು ಕಂಡು ಸಿಟ್ಟು ಬಂದರೆ ಅದು ತಪ್ಪೇ?”

ನಂಜಮರಿಯ ದನಿ ಕೇಳುವವನ ದನಿಯಾಗಿರಲಿಲ್ಲ, ಜಗಳಕ್ಕೆ ನಿಂತವನದಾಗಿತ್ತು. ಮಠದ ಶಿಷ್ಯರಲ್ಲೆಲ್ಲ ಅವನೇ ಗಟ್ಟಿಗ. ಎರಡು ಕೈಯಲ್ಲಿ ಎರಡು ತುಂಬಿದ ಕೊಡ ಹಿಡಿದು ಬಾವಿಕಟ್ಟೆಯಿಂದ ತೋಟದ ಕೊನೆಯವರೆಗೆ ಒಂದು ಹನಿ ತುಳುಕಿಸದೆ ನಡೆಯುತ್ತಿದ್ದ. ನಡೆದದ್ದನ್ನು ಸಂಜೆಯವರೆಗೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಮಠದ ಹಿಂದೆ ಗಿಡಮೂಲಿಕೆಯ ತೋಟವಿತ್ತು. ಅಲ್ಲಿ ಕೂಲಿಯಾಳು ಎಂಬವರಿಲ್ಲ. ಸುತ್ತಲಿನ ಭಕ್ತರೇ ಬಂದು ಕಳೆ ಕೀಳುತ್ತಿದ್ದರು, ಪಾತಿ ಕೆದಕುತ್ತಿದ್ದರು, ನೀರು ಹಾಕುತ್ತಿದ್ದರು. ಮಳೆಗಾಲದಲ್ಲಿ ಬರುವವರು ಬಹಳ. ವೈಶಾಖದ ಬಿಸಿಲು ಏರಿದ ಮೇಲೆ ಬರುವವರೇ ಕಡಿಮೆ. ಬಂದವರೂ ಹತ್ತಿರದ ಮಲ್ಲಿಗೆ ಪಾತಿಗೆ ಒಂದು ಚೆಂಬು ನೀರು ಹಾಕಿ, ಫೋಟೋ ತೆಗೆಸಿಕೊಂಡು, ಪ್ರಸಾದ ಮುಗಿಸಿ ಹೋಗುತ್ತಿದ್ದರು.

“ಇವತ್ತೇನಾಯಿತು?” ಎಂದರು ಸ್ವಾಮಿಗಳು.

“ಪೇಟೆಯ ಮೇಷ್ಟರು ಬಂದಿದ್ದರು ಬುದ್ಧೀ. ಒಂದು ಉದ್ದನೆಯ ರಬ್ಬರ್ ಪೈಪು ತಂದಿದ್ದರು. ಇನ್ನು ಮೇಲೆ ಕೊನೆಯ ಪಾತಿಗೂ ಬಾವಿಕಟ್ಟೆಯ ತೊಟ್ಟಿಯಿಂದಲೇ ನೀರು ಬಿಡಬಹುದು, ಯಾರೂ ಹೊರಬೇಕಾಗಿಲ್ಲ ಅಂದರು. ಅಷ್ಟಕ್ಕೇ ಎಲ್ಲರೂ ಚಪ್ಪಾಳೆ! ಪೈಪು ತಂದವರಿಗೆ ಚಪ್ಪಾಳೆ. ಯುಗಾದಿಯಿಂದ ಹೊತ್ತೂ ಹೊತ್ತೂ ಅಂಗೈ ಬೊಬ್ಬೆ ಎದ್ದ ನನಗೆ ಏನು? ಕುಡಿಯೋಣ ಅಂದರೆ ಒಂದು ಲೋಟ ಮಜ್ಜಿಗೆ ಕೂಡ ಉಳಿಸಿರಲಿಲ್ಲ!”

“ಪೈಪು ಎಲ್ಲಿದೆ?”

“ಸುತ್ತಿ ಉಗ್ರಾಣದ ಅಟ್ಟಕ್ಕೆ ಎಸೆದಿದ್ದೇನೆ. ಪೈಪಿನಲ್ಲಿ ಬಂದ ನೀರೂ ಒಂದು ನೀರೇ? ಇವತ್ತು ನಾನೂ ಕೊಡ ಮುಟ್ಟಿಲ್ಲ. ನಂಜಮರಿ ಇಲ್ಲದಿದ್ದರೆ ಕೊನೆಯ ಪಾತಿ ಏನಾಗುತ್ತದೆ ಅಂತ ಒಂದು ದಿನ ನೋಡಲಿ ಎಲ್ಲರೂ. ಬುದ್ಧಿ ಅಪ್ಪಣೆ ಕೊಡಬೇಕು. ತೋಟಕ್ಕೆ ಬೀಗ ಜಡಿದು ಬೀಗದಕೈ ನನ್ನ ಕೈಗೆ ಕೊಡಬೇಕು. ಈ ತೋರಿಕೆಯವರನ್ನೆಲ್ಲ ಆಚೆ ಇಡುತ್ತೇನೆ.”

“ಬೀಗದ ಮಾತು ಆಮೇಲೆ. ಮೊದಲು ಒಂದು ತೋಟದ ಮಾತು ಕೇಳು,” ಎಂದು ಸ್ವಾಮಿಗಳು ಜಗುಲಿಯ ಕಂಬಕ್ಕೆ ಒರಗಿದರು. ನಂಜಮರಿ ಹೆಗಲ ಟವೆಲನ್ನು ನೆಲಕ್ಕೆ ಬಡಿದು ಕುಳಿತ.

ಒಂದು ಊರಿನವರು ಸೇರಿ ಒಂದು ತೋಟ ಮಾಡಿದ್ದರು. ಹಣ್ಣು ಮಾರುವ ತೋಟವಲ್ಲ, ಹೂ ಮಾರುವ ತೋಟವೂ ಅಲ್ಲ. ಕಾಡಿನಲ್ಲಿ ಬೇಲಿಯಲ್ಲಿ ಎಲ್ಲಿ ಯಾವ ಹೊಸ ಗಿಡ ಕಂಡರೂ ತಂದು ನೆಡುವುದು, ಉಳಿಸುವುದು, ಅದರ ಹೆಸರನ್ನೂ ಗುಣವನ್ನೂ ಮಕ್ಕಳಿಗೆ ಹೇಳಿಕೊಡುವುದು. ಅಷ್ಟೇ. ತೋಟಕ್ಕೆ ಒಡೆಯನಿಲ್ಲ, ಆಳಿಲ್ಲ. ಊರೇ ಒಡೆಯ, ಊರೇ ಆಳು.

ತೋಟದ ಬಾಗಿಲು ದಿನ್ನೆಯ ಮೇಲಿತ್ತು. ಬಾಗಿಲ ಪಕ್ಕದಲ್ಲಿ ಬಾವಿ, ಬಾವಿಯ ಪಕ್ಕದಲ್ಲಿ ಒಂದು ಸಂಪಿಗೆ ಮರ. ಅಲ್ಲಿಂದ ನೆಲ ಇಳಿಯುತ್ತ ಇಳಿಯುತ್ತ ಹೋಗಿ ದೂರದ ಮೂಲೆಯ ತಗ್ಗಿನಲ್ಲಿ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಆ ತಗ್ಗಿನಲ್ಲಿ ನೀರು ನಿಲ್ಲುವುದು ಕಂಡು ಹಿರಿಯರು ಅಲ್ಲಿ ಬಜೆ, ಒಂದೆಲಗ, ಹಿಪ್ಪಲಿ ನೆಟ್ಟಿದ್ದರು. ಮೂರೂ ಸದಾ ನೀರಿಗೆ ಬಾಯಿಬಿಡುವ ಜಾತಿ. ಎಕ್ಕದಂತೆ, ಲೋಳೆಸರದಂತೆ ಬಿಸಿಲಿಗೆ ಸಡ್ಡು ಹೊಡೆದು ನಿಲ್ಲುವಂಥವಲ್ಲ. ಬೇಸಿಗೆ ನಡುವಿಗೆ ಬಂದರೆ ಆ ತಗ್ಗು ಕಾದ ಹಂಚು. ಆದರೆ ಊರಿನಲ್ಲಿ ಮಗು ಹುಟ್ಟಿದರೆ ತೇಯ್ದು ನಾಲಿಗೆಗೆ ಮುಟ್ಟಿಸುವ ಬಜೆ ಆ ಮೂಲೆಯದು. ಮುದುಕರ ಕೆಮ್ಮಿಗೆ ಹಿಪ್ಪಲಿ ಆ ಮೂಲೆಯದು. ಸುತ್ತ ಬೇರೆಲ್ಲಿ ಹುಡುಕಿದರೂ ಅವು ಸಿಗುತ್ತಿರಲಿಲ್ಲ.

ತೋಟಕ್ಕೆ ಒಂದು ಪದ್ಧತಿ ಇತ್ತು. ಒಳಗೆ ಬಂದವರು ಮೊದಲ ಕೊಡ ನೀರನ್ನು ಬಾಗಿಲ ಸಂಪಿಗೆಗೆ ಹಾಕಬೇಕು. ಅದಕ್ಕೆ ಬಾಗಿಲ ಕೊಡ ಎಂದು ಹೆಸರು. ಅದಾದ ಮೇಲೆ ಒಳಗೆ ಹೋಗಿ ಕೈಲಾದ ಕೆಲಸ ಮಾಡಬೇಕು. ಕಾಲ ಕಳೆದಂತೆ ಬಾಗಿಲ ಕೊಡ ಉಳಿಯಿತು, ಒಳಗಿನ ಕೆಲಸ ಅಳಿಯಿತು. ಬಿಸಿಲು ಬಲಿತಿತೆಂದರೆ ಜನ ಬೆಳಗಿನ ತಂಪಿನಲ್ಲಿ ಮಿಂದು, ಒಗೆದ ಬಟ್ಟೆ ಉಟ್ಟು ಬರುವರು. ಒಂದು ಕೊಡ ಸೇದುವರು. ಸಂಪಿಗೆಯ ಬುಡಕ್ಕೆ ಸುರಿದು ಕೈ ಮುಗಿಯುವರು. ಉದುರಿದ ಹೂ ಆಯ್ದು ಮುಡಿಯುವರು. ‘ಇವತ್ತಿನ ಸೇವೆ ಆಯಿತು’ ಎಂದು ಮನೆಯ ದಾರಿ ಹಿಡಿಯುವರು. ಸಂಪಿಗೆಯ ಬುಡ ಕೆಸರುಗದ್ದೆಯಾಗಿ ಎಲೆ ಹಳದಿಗೆ ತಿರುಗುತ್ತಿತ್ತು. ಮೂಲೆಯ ನೆಲ ಬಾಯಿಬಿಟ್ಟು ಬಿರಿಯುತ್ತಿತ್ತು.

ಆ ಊರಲ್ಲಿ ಒಬ್ಬ ರೈತನಿದ್ದ. ಆ ಮೂಲೆಯನ್ನು ಉಳಿಸಿದವನು ಅವನೊಬ್ಬನೇ. ಕೋಳಿ ಕೂಗುವ ಮೊದಲೇ ಬಂದು ನೀರು ಸೇದುವನು. ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಇಳಿಜಾರಿನಲ್ಲಿ ಇಳಿಯುವನು, ಬರಿಗೊಡ ಹಿಡಿದು ಹತ್ತುವನು, ಮತ್ತೆ ಇಳಿಯುವನು. ಬಜೆಯ ಪಾತಿಗೆ ತರಗೆಲೆ ಹೊದಿಸುವನು. ಹಿಪ್ಪಲಿ ಬಳ್ಳಿಗೆ ತೆಂಗಿನ ಗರಿಯ ನೆರಳು ಕಟ್ಟುವನು. ಗೆದ್ದಲು ಹತ್ತಿದ ಕಡ್ಡಿಯನ್ನು ಕಿತ್ತೆಸೆಯುವನು. ಸೂರ್ಯ ಮೇಲೇರಿ ನೆಲ ಕಾಯುವ ಹೊತ್ತಿಗೂ ಅವನ ಕೆಲಸ ಮುಗಿದಿರುತ್ತಿರಲಿಲ್ಲ. ಸಂಜೆಗೆ ಸೋತು ಮಲಗಿದ ಒಂದೆಲಗ ಬೆಳಗ್ಗೆ ತನ್ನ ಹೆಜ್ಜೆ ಸಪ್ಪಳ ಕೇಳಿಯೇ ತಲೆಯೆತ್ತುತ್ತದೆ ಎಂದು ಅವನು ನಂಬಿದ್ದ. “ನಾನೊಬ್ಬ ಇಲ್ಲದಿದ್ದರೆ ಈ ಮೂಲೆ ಸುಡುಗಾಡು,” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೇಳಿದ್ದು ಸುಳ್ಳಾಗಿರಲಿಲ್ಲ.

ಒಂದು ದಿನ ಅವನು ಬರಿಗೊಡ ಹಿಡಿದು ಮೇಲೆ ಬರುವಾಗ, ಬಾಗಿಲಲ್ಲಿ ಊರಿನ ಒಬ್ಬ ವ್ಯಾಪಾರಿ ನಿಂತಿದ್ದ. ಬಿಳಿ ಪಂಚೆ, ಥಳಥಳ ಬೆಳಗಿದ ಸ್ವಂತ ಹಿತ್ತಾಳೆ ಕೊಡ. ಕಣ್ಣು ಮುಚ್ಚಿ, ಧಾರೆ ಎರೆದಂತೆ ಸಂಪಿಗೆಗೆ ನೀರು ಸುರಿಯುತ್ತಿದ್ದ. ಸುತ್ತ ಜನ ನೋಡುತ್ತ ನಿಂತಿದ್ದರು. ರೈತನಿಗೆ ಅಂಗಾಲಿನ ಉರಿ ನೆತ್ತಿಗೇರಿತು.

“ಏನ್ ಸೆಟ್ಟರೇ, ಆ ಮರಕ್ಕೆ ಈಜು ಕಲಿಸ್ತಾ ಇದ್ದೀರಾ?” ಎಂದ.

ಜನ ಗೊಳ್ಳನೆ ನಕ್ಕರು. ವ್ಯಾಪಾರಿ ತಬ್ಬಿಬ್ಬಾದ. “ಪದ್ಧತಿ ಅಲ್ಲವೇನಪ್ಪಾ?” ಎಂದ.

“ಸುಡಿ ನಿಮ್ಮ ಪದ್ಧತೀನ! ಬಾಯಾರಿದವನು ಆ ಮೂಲೇಲಿ ಸಾಯ್ತಾ ಬಿದ್ದಿದ್ದಾನೆ. ನೀವೆಲ್ಲ ಸೇರಿ ಇಲ್ಲಿ ಹೊಟ್ಟೆ ತುಂಬಿದವನ ಬಾಯಿಗೆ ಪಾಯಸ ಸುರೀತಿದ್ದೀರಿ. ನಾಚಿಕೆ ಅನ್ನೋದು ಬೇಡ್ವಾ? ಒಂದೇ ಒಂದು ದಿನ ನನ್ನ ಜೊತೆ ಕೆಳಗೆ ನಡೆದು ನೋಡಿ. ಅಂಗಾಲು ಸುಟ್ಟಾಗ ಗೊತ್ತಾಗುತ್ತೆ, ಸೇವೆ ಅಂದರೆ ಏನು ಅಂತ.”

ಈಗ ಯಾರೂ ನಗಲಿಲ್ಲ. ವ್ಯಾಪಾರಿ ಕೊಡ ಎತ್ತಿಕೊಂಡು, ತಲೆ ತಗ್ಗಿಸಿ, ಕುಂಟುತ್ತ ಹೋದ. ಅವನ ಮಂಡಿ ಎರಡೂ ಊದಿಕೊಂಡಿದ್ದವು.

“ಭೇಷ್! ಹಾಗೆ ಹೇಳಬೇಕು!” ನಂಜಮರಿ ತೊಡೆ ತಟ್ಟಿದ. “ನಮ್ಮ ಮಠದಲ್ಲೂ ಅಂಥ ಒಬ್ಬ ಇದ್ದಾನೆ ಬುದ್ಧೀ.”

“ಇದ್ದಾನೆ,” ಎಂದರು ಸ್ವಾಮಿಗಳು. “ರೈತ ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುಂದೆ ಕೇಳು.”

ಕೆಲವು ದಿನ ಕಳೆಯಿತು. ಒಂದು ಬೆಳಗ್ಗೆ ರೈತ ಬಂದು ನೋಡುತ್ತಾನೆ, ಹಿಂದಿನ ದಿನ ಅವನು ಮನೆಗೆ ಹೋದ ಮೇಲೆ ಯಾರೋ ಸಂಪಿಗೆಯ ಪಾತಿಗೆ ಸುತ್ತ ಕಲ್ಲು ಕಟ್ಟಿಸಿದ್ದಾರೆ. ಪಾತಿಯ ಒಂದು ಕಡೆ ತೂಬು ಬಿಟ್ಟಿದೆ. ತೂಬಿನಿಂದ ಒಂದು ಸಣ್ಣ ಕಾಲುವೆ ಹೊರಟಿದೆ. ಒಡೆದ ಹೆಂಚಿನ ಚೂರುಗಳನ್ನು ಒತ್ತಾಗಿ ಜೋಡಿಸಿ, ಮೇಲೂ ಹೆಂಚು ಮುಚ್ಚಿ, ಬಿಸಿಲಿಗೆ ನೀರು ಆರದಂತೆ ಮಾಡಿದೆ. ಮರಕ್ಕೆ ಬೇಕಾದಷ್ಟು ಪಾತಿಯಲ್ಲಿ ಉಳಿದು, ಮಿಕ್ಕ ನೀರೆಲ್ಲ ಕಾಲುವೆ ಹಿಡಿದು ಇಳಿಯುತ್ತಿದೆ. ರೈತ ಅದರ ಹಿಂದೆಯೇ ಇಳಿದ. ಬಳಸಿ, ತಿರುಗಿ, ಕಾಲುವೆ ಕೊನೆಗೆ ಮೂಲೆಗೆ ಹೋಗಿ ಮುಟ್ಟಿತ್ತು. ಹಿಂದಿನ ದಿನದ ಬಾಗಿಲ ಕೊಡಗಳೆಲ್ಲ ಅಲ್ಲಿ ತಲುಪಿದ್ದವು. ನೆಲ ಒದ್ದೆ. ಬಜೆಯ ಗರಿ ನೆಟ್ಟಗೆ ನಿಂತಿತ್ತು. ಒಂದೆಲಗ ಅವನ ಹೆಜ್ಜೆ ಸಪ್ಪಳಕ್ಕೆ ಕಾಯದೆಯೇ ತಲೆಯೆತ್ತಿತ್ತು.

ಮೇಲೆ ಬಂದಾಗ ವ್ಯಾಪಾರಿ ಬಾಗಿಲಲ್ಲಿದ್ದ. “ನೀನಾಡಿದ ಮಾತು ನಾಟಿತಪ್ಪಾ,” ಎಂದ. “ನನ್ನ ಮಂಡಿ ಅಲ್ಲಿಯವರೆಗೆ ನಡೆಯೋಲ್ಲ. ಅದಕ್ಕೇ ನೀರನ್ನೇ ನಡೆಸಿದೆ. ಇನ್ನು ನೀನು ಹೊರೋದು ಬೇಡ.”

ರೈತ ಕೇಳಿದ್ದು ಸಿಕ್ಕಿತ್ತು. ಬೈದದ್ದು ಫಲಿಸಿತ್ತು. ಅವನು ಕುಣಿಯಬೇಕಿತ್ತು. ಅವನ ಎದೆಯಲ್ಲಿ ಕೆಂಡ ಬಿದ್ದಿತು.

‘ನಾನು ಬೆವರು ಬಸಿದು ಬದುಕಿಸಿದ ಮೂಲೆ. ಇವನು ನಾಲ್ಕು ಹೆಂಚಿನ ಚೂರು ಜೋಡಿಸಿ ನುಂಗಿಬಿಟ್ಟನಲ್ಲ!’ ಎಂದುಕೊಂಡ. ದಾರಿಯಲ್ಲಿ ಸಿಕ್ಕ ಹೆಂಗಸರು, “ಏನಣ್ಣಾ, ಇನ್ನು ನಿಮಗೆ ಆರಾಮು,” ಎಂದರು. ಅಕ್ಕರೆಯಿಂದಲೇ ಅಂದರು. ಅವನಿಗೆ ಅದು ಬೆನ್ನ ಮೇಲೆ ಕುದಿನೀರು ಸುರಿದಂತಾಯಿತು. ಊರವರಿಗೆ ಈಗ ಹೊಸ ಹುರುಪು. ತಾವು ಹಾಕಿದ ನೀರು ಬಜೆಗೂ ಹೋಗುತ್ತದೆಂದು ತಿಳಿದು ಒಂದು ಕೊಡ ಹಾಕುವವರು ಎರಡು ಹಾಕಿದರು. ವ್ಯಾಪಾರಿಯನ್ನು ಹೊಗಳಿದರು. ರೈತನ ಕೊಡಗಳು ಮನೆಯ ಮೂಲೆಯಲ್ಲಿ ಬೋರಲು ಬಿದ್ದಿದ್ದವು. ಬರಿಗೈಯಷ್ಟು ಭಾರವಾದ ಹೊರೆಯನ್ನು ಅವನು ಯಾವತ್ತೂ ಹೊತ್ತಿರಲಿಲ್ಲ.

ಒಂದು ನಸುಕಿನಲ್ಲಿ ಅವನು ತೋಟಕ್ಕೆ ಬಂದ. ಕಾಲುವೆ ಎಕ್ಕದ ಪೊದೆಯ ಹಿಂದೆ ತಿರುಗುವ ಜಾಗದಲ್ಲಿ ಕುಳಿತ. ತನ್ನ ಹಳೆಯ ಕೆಂಪು ರುಮಾಲಿನ ಒಂದು ತುಂಡು ಹರಿದ. ಅದರಲ್ಲಿ ಜೇಡಿಮಣ್ಣಿನ ಒಂದು ಹೆಂಟೆ ಸುತ್ತಿದ. ಹೆಂಚು ಎತ್ತಿ, ಕಾಲುವೆಯ ಗಂಟಲಿಗೆ ತುರುಕಿ, ಮತ್ತೆ ಹೆಂಚು ಮುಚ್ಚಿದ. ನೀರು ಅಲ್ಲೇ ಮಗ್ಗುಲಿಗೆ ಹೊರಳಿ, ನೀರೇ ಬೇಡದ ಎಕ್ಕದ ಬುಡಕ್ಕೆ ಇಂಗಿತು.

ಮಧ್ಯಾಹ್ನದ ಹೊತ್ತಿಗೆ ಮೂಲೆಯ ಗಿಡಗಳು ಸೋತವು. ರೈತ ಕೊಡ ಹಿಡಿದು ಬಂದ.

“ಯಾಕಪ್ಪಾ, ನೀರು ಕೆಳಗೆ ಮುಟ್ಟುತ್ತಿಲ್ಲವೇ?” ಎಂದು ವ್ಯಾಪಾರಿ ಗಾಬರಿಯಿಂದ ಕೇಳಿದ.

“ಮುಟ್ಟುವಷ್ಟು ಮುಟ್ಟುತ್ತೆ ಬಿಡಿ ಸೆಟ್ಟರೇ. ಹೆಂಚು ಹೆಂಚೇ, ಕೈ ಕೈಯೇ. ಉಳಿದದ್ದಕ್ಕೆ ನಾನಿದ್ದೇನಲ್ಲ,” ಎಂದ ರೈತ, ನಾಲ್ಕು ಜನಕ್ಕೆ ಕೇಳುವ ಹಾಗೆ.

ಅಂದು ಕೊಡ ಹೂವಿನಷ್ಟು ಹಗುರಾಗಿತ್ತು. ನಾಳೆ ಹೆಂಟೆ ತೆಗೆದರಾಯಿತು ಎಂದುಕೊಂಡ. ನಾಳೆ ಬಂತು. ಅವನ ಹೆಜ್ಜೆ ಸಪ್ಪಳಕ್ಕೆ ಒಂದೆಲಗ ತಲೆಯೆತ್ತಿತು. ಹೆಂಟೆ ಅಲ್ಲೇ ಉಳಿಯಿತು.

ಹೀಗಿರುವಾಗ ರೈತನ ಸುದ್ದಿ ನೆರೆಯ ಊರಿಗೆ ಮುಟ್ಟಿತು. ಅಲ್ಲಿನವರೂ ಒಂದು ತೋಟ ಮಾಡಬೇಕೆಂದಿದ್ದರು. ‘ನೀವು ಬಂದು ನಾಲ್ಕು ಮಾತು ಹೇಳಬೇಕು, ನಿಮ್ಮಂಥವರಿಗೆ ನಾವು ಒಂದು ಶಾಲು ಹೊದಿಸಬೇಕು’ ಎಂದು ಕರೆ ಬಂತು. ರೈತ ಮೀಸೆ ತಿರುವಿ ಹೊರಟ. ಊರಗಡಿ ದಾಟುವಾಗ ಕಾಲುವೆಯ ಹೆಂಟೆ ನೆನಪಾಯಿತು. ಕಾಲು ನಿಂತಿತು.

‘ಅದನ್ನು ತೆಗೆದು ಬಂದರೆ, ನಾನಿಲ್ಲದೆಯೂ ಗಿಡ ಬದುಕುತ್ತದೆ’ ಎಂದುಕೊಂಡ.

ಕಾಲು ಮುಂದೆ ನಡೆಯಿತು.

ನೆರೆಯ ಊರಿನಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಹೋಳಿಗೆ ಬಡಿಸಿದರು. ಬಾಗಿಲ ಕೊಡದವರ ಸೋಗನ್ನೂ ತನ್ನ ಅಂಗಾಲಿನ ಉರಿಯನ್ನೂ ಅವನು ಬಣ್ಣಿಸಿದ. ಜನ ಛೀ ಎಂದರು, ಭಲೇ ಎಂದರು. ಅದರಾಚೆಯ ಊರಿನವರೂ ಕರೆದರು. ಅಲ್ಲಿ ಅದೇ ಕತೆಯನ್ನು ಇನ್ನೂ ಚೆನ್ನಾಗಿ ಹೇಳಿದ. ಒಂದು ಹೊತ್ತಿಗೆಂದು ಹೋದವನು ವಾರ ಕಳೆದು ಬಂದ.

ಬಂದವನು ನೇರ ಮೂಲೆಗೆ ಹೋದ. ಬಜೆ ಒಣಹುಲ್ಲಾಗಿತ್ತು. ಹಿಪ್ಪಲಿ ಬಳ್ಳಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದೆಲಗ ಇದ್ದ ಜಾಗದಲ್ಲಿ ಬರಿಯ ಬಿರುಕು. ಎಕ್ಕದ ಪೊದೆ ಮಾತ್ರ ಕೊಬ್ಬಿ, ಮೈತುಂಬ ಹೂ ಬಿಟ್ಟು ನಿಂತಿತ್ತು.

ಶಾಲು ಹೊದ್ದ ಹಾಗೆಯೇ ಅವನು ದಿನ್ನೆ ಹತ್ತಿ ಓಡಿಬಂದ. “ಕೊಲೆಗಡುಕರಾ! ಒಂದು ವಾರ ನಾನು ಇಲ್ಲ ಅಂದರೆ ಒಬ್ಬನಾದರೂ ಆ ಕಡೆ ತಿರುಗಿ ನೋಡಲಿಲ್ವಾ? ಕೂಸುಗಳ ನಾಲಿಗೆಗೆ ಇನ್ನೇನು ತೇಯ್ತೀರಿ, ನಿಮ್ಮ ಸಂಪಿಗೆ ಹೂವನ್ನಾ?”

ಜನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ದಿನವೂ ನೀರು ಹಾಕಿದ್ದರು. ಹಿಂದೆಂದಿಗಿಂತ ಹೆಚ್ಚಾಗಿಯೇ ಹಾಕಿದ್ದರು. ವ್ಯಾಪಾರಿ ಕೋಲು ಊರಿಕೊಂಡು ಕಾಲುವೆಯ ಪಕ್ಕದಲ್ಲಿ ಇಳಿಯತೊಡಗಿದ. ನಾಲ್ಕು ಹೆಜ್ಜೆ ನಡೆಯುವನು, ಮಂಡಿ ಹಿಡಿದು ಕೂರುವನು, ಒಂದು ಹೆಂಚು ಎತ್ತಿ ನೋಡುವನು, ಮತ್ತೆ ಏಳುವನು. ಎಲ್ಲರೂ ಹಿಂದೆ ನಡೆದರು. ರೈತನೂ ನಡೆದ. ಎಕ್ಕದ ಪೊದೆಯ ಹತ್ತಿರ ವ್ಯಾಪಾರಿಯ ಕೈಗೆ ಹೆಂಟೆ ಸಿಕ್ಕಿತು.

ಅವನು ಅದನ್ನು ಹೊರಗೆಳೆದ. ಮಣ್ಣು ಒಡೆದು ಉದುರಿತು. ಕೆಂಪು ಬಟ್ಟೆಯ ತುಂಡು ಕೈಯಲ್ಲಿ ಉಳಿಯಿತು. ಅದನ್ನು ನೋಡಿದ. ರೈತನ ತಲೆಯ ಮೇಲಿನ ಕೆಂಪು ರುಮಾಲನ್ನು ನೋಡಿದ. ಬಟ್ಟೆಯ ತುಂಡನ್ನು ಮೆಲ್ಲಗೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

“ಕಸ ಕಟ್ಟಿಕೊಂಡಿತ್ತು,” ಎಂದ. “ತಪ್ಪು ನನ್ನದು. ಕಾಲುವೆ ಮಾಡಿಸಿದವನು ದಿನಾ ಒಂದು ಸಲ ಅದರ ಜೊತೆ ನಡೆಯಬೇಕಿತ್ತು. ಮಂಡಿಯ ನೆಪ ಹೇಳಿ ಮೇಲೇ ನಿಂತುಬಿಟ್ಟೆ. ಕ್ಷಮಿಸಪ್ಪಾ.” ಎಲ್ಲರೆದುರು ರೈತನಿಗೆ ಕೈ ಮುಗಿದ.

ರೈತ ಮುಗಿದ ಕೈಗಳನ್ನು ನೋಡಿದ. ಹೆಗಲಿಂದ ಜಾರಿದ ಶಾಲನ್ನು ಸರಿಪಡಿಸಿಕೊಂಡ.

“ಆಗಲಿ, ಇನ್ನು ಮುಂದಾದರೂ ನೋಡಿಕೊಂಡು ಮಾಡಿ,” ಎಂದ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು.

ನಂಜಮರಿ ಕುಳಿತಲ್ಲಿಂದ ನೆಗೆದು ಎದ್ದ. “ಥೂ ಅವನ ಬಾಯಿಗೆ ಮಣ್ಣು ಹಾಕ! ತಾನೇ ಗಂಟಲು ಅಮುಕಿ, ತಾನೇ ಎದೆ ಬಡಿದುಕೊಂಡು, ಮೇಲೆ ಕ್ಷಮಾಪಣೆ ಬೇರೆ ಇಸ್ಕೊಂಡನಾ? ನಮ್ಮೂರಾಗಿದ್ದರೆ ಆ ಶಾಲನ್ನೇ ಹಗ್ಗ ಮಾಡಿ ಅವನನ್ನು ಎಕ್ಕದ ಗಿಡಕ್ಕೆ ಕಟ್ಟುತ್ತಿದ್ದೆವು. ಆ ಸೆಟ್ಟರಾದರೂ ಯಾಕೆ ಸುಮ್ಮನಾದರು ಬುದ್ಧೀ?”

ನಂಜಮರಿ ಜಗುಲಿಯ ಉದ್ದಕ್ಕೂ ನಡೆದ. ತಿರುಗಿ ಬಂದ. ಇನ್ನೂ ಸಿಟ್ಟು ಇಳಿದಿರಲಿಲ್ಲ.

“ಒಂದು ಮಾತು ಮಾತ್ರ ನನಗೆ ತಿಳಿಯಲಿಲ್ಲ. ಅಷ್ಟು ವರ್ಷ ಹೊತ್ತನಲ್ಲ ಬುದ್ಧೀ, ಅದು ಸುಳ್ಳಲ್ಲವಲ್ಲ? ಅಂಗಾಲು ಸುಟ್ಟುಕೊಂಡದ್ದು ಸುಳ್ಳಲ್ಲವಲ್ಲ? ಹಾಗಾದರೆ ಅವನಿಗೆ ಬೇಕಾಗಿದ್ದದ್ದಾದರೂ ಏನು?”

ಬಿಸಿಲು ನೆತ್ತಿಗೆ ಬಂದಿತ್ತು. ತೋಟದ ಕೊನೆಯ ಪಾತಿಗಳಲ್ಲಿ ಎಲೆಗಳು ಜೋತುಬಿದ್ದದ್ದು ಜಗುಲಿಯಿಂದಲೇ ಕಾಣುತ್ತಿತ್ತು. ಈಚೆ, ತೆರೆದ ಉಗ್ರಾಣದಲ್ಲಿ, ಅಟ್ಟದಿಂದ ರಬ್ಬರ್ ಪೈಪಿನ ಒಂದು ತುದಿ ಇಳಿಬಿದ್ದಿತ್ತು. ಸ್ವಾಮಿಗಳು ಮೊದಲು ಅದನ್ನು ನೋಡಿದರು, ಆಮೇಲೆ ಪಾತಿಗಳನ್ನು, ಕೊನೆಗೆ ಶಿಷ್ಯನನ್ನು. ಅವರ ಕಣ್ಣಿನ ಹಿಂದೆಯೇ ಹೋದ ನಂಜಮರಿಯ ಕಣ್ಣು ತನ್ನದೇ ಬೊಬ್ಬೆ ಎದ್ದ ಅಂಗೈಗೆ ಬಂದು ನಿಂತಿತು.

“ಗಿಡಕ್ಕೆ ನೀರು ಬೇಕಾಗಿತ್ತು ಮರಿ, ಅವನಿಗೆ ಗಿಡದ ಬಾಯಾರಿಕೆ ಬೇಕಾಗಿತ್ತು,” ಎಂದರು ಸ್ವಾಮಿಗಳು.